ಚಿಕ್ಕೀರ ಮುಯ್ಯಾಳು ಕರೆದದ್ದು

ದ್ಯಾವಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಚಿಕ್ಕೀರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಕಷ್ಟ. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಈ ಮಗ, ಒಂದು ಹೊಲ.

ಹೊಲದಲ್ಲಿ ರಾಗಿ ಬಲಿತಿತ್ತು. ಮೂಡಲಲ್ಲಿ ಮೋಡ ಕೂತಿತ್ತು. ಮಳೆಗೆ ಮುಂಚೆ ಕುಯ್ದು ತರದಿದ್ದರೆ ವರ್ಷವೆಲ್ಲ ಮುದ್ದೆಯಿಲ್ಲ.

"ಮಗಾ, ಹೋದ ವರ್ಷ ನಮ್ಮ ಕುಯ್ಲಿಗೆ ಯಾರ್ಯಾರು ಬಂದಿದ್ರೋ ಅವರ ಮನೆಗೆ ಹೋಗಿ ಮುಯ್ಯಾಳಿಗೆ ಕರಿ. ನಾಳೆ ನೀವು ಬನ್ನಿ, ನಿಮ್ಮ ಹೊಲಕ್ಕೆ ನಾವು ಬರ್ತೀವಿ ಅನ್ನು."

ಹೋದ. ನಿಂಗಜ್ಜನ ಬಾಗಿಲಲ್ಲಿ ನಿಂತು ಕರೆದ. ಬೀದಿಗೆ ಇಳಿದ. ತಿರುಗಿ ಬಂದು ಕರೆದ. ಮತ್ತೆ ಇಳಿದ, ಮತ್ತೆ ಬಂದು ಕರೆದ.

"ಮೂರು ಮೂರು ಸಲ ಕರೆಯೋಕೆ ನಾನೇನು ತಿಥಿ ಕಾಗೆಯೇನೋ?" ಅಂದ ಅಜ್ಜ.

"ನೀನು ಕುಯ್ಲಿಗೆ ಬಂದಿದ್ದೆ, ನಿಮ್ಮ ಮನೆಗೆ ಬಂದೆ. ನಿನ್ನ ಮಗ ಬಂದಿದ್ದ, ನಿಮ್ಮ ಮನೆಗೆ ಬಂದೆ. ನಿನ್ನ ಸೊಸೆ ಬಂದಿದ್ಲು..."

ಅಜ್ಜ ಕದ ಹಾಕಿಕೊಂಡ.

ದ್ಯಾವಮ್ಮ ಹೋಗಿ ಕೈಮುಗಿದು ಬಂದಳು. "ಒಂದು ಮನೆಗೆ ಒಂದೇ ಸಲ ಕಣೋ. ಒಳಗೆ ಎಷ್ಟು ಜನವಾದ್ರೂ ಇರಲಿ."

"ಹೂಂ ಕಣವ್ವ."

ಮಾರನೆ ದಿನ ಜನ ಬಂದರು, ಕುಯ್ದರು. ಮಧ್ಯಾಹ್ನ ಚಿಕ್ಕೀರ ಮುದ್ದೆ ಇಕ್ಕೋಕೆ ನಿಂತ. ಅಜ್ಜನ ತಟ್ಟೆಗೆ ಇಕ್ಕಿದ. ಮಗನ ತಟ್ಟೆ ದಾಟಿದ. ಸೊಸೆ ತಟ್ಟೆ ದಾಟಿದ.

"ನಮಗೆ?" ಅಂದ ಮಗ.

"ನಿಮ್ಮ ಮನೆಗೆ ಇಕ್ಕಾಯ್ತಲ್ಲ."

ಅಜ್ಜನ ಮಗ ಕುಡುಗೋಲು ಎತ್ತಿಕೊಂಡು ಹೊರಟ. ದ್ಯಾವಮ್ಮ ಓಡಿ ಬಂದು, ಕೈ ಹಿಡಿದು ಕೂರಿಸಿ, ತನ್ನ ಪಾಲಿನ ಮುದ್ದೆಯನ್ನೂ ಅವನಿಗೇ ಇಕ್ಕಿ, ಚಿಕ್ಕೀರನ ಕಡೆ ತಿರುಗಿದಳು.

"ಮನೆ ಯಾಕೋ ನೋಡ್ತೀಯ, ಪೆದ್ದ ಮುಂಡೇದೆ? ಮುಖ ನೋಡು. ಬೇರೆ ಮುಖ ಕಂಡ್ರೆ ಲೆಕ್ಕಕ್ಕೆ ತಗೋ. ಅದೇ ಮುಖ ತಿರುಗಿ ಕಂಡ್ರೆ ಬಿಡು."

"ಹೂಂ ಕಣವ್ವ."

ಸಂಜೆಗೆ ಕುಯ್ಲು ಮುಗಿಯಿತು. ಕಂತೆ ಕಟ್ಟಿ ಹೊಲದ ತುಂಬ ಮಲಗಿಸಿ ಜನ ಮನೆಗೆ ಹೋದರು. ಗುಡುಗು ಶುರುವಾಯಿತು.

"ನಿಂಗಜ್ಜ ಗಾಡಿ ಕೊಟ್ಟವ್ನೆ. ಓಡು ಮಗಾ, ರಾಗಿ ಕಂತೆ ಹೇರಿಕೊಂಡು ಬಾ" ಅಂದಳು ದ್ಯಾವಮ್ಮ. ತಾನು ಕೊಟ್ಟಿಗೆಯಲ್ಲಿ ಜಾಗ ಮಾಡುತ್ತ ಕಾದಳು.

ಹೊತ್ತಾದ ಮೇಲೆ ಗಾಡಿ ಬಂತು. ಗಾಡಿಯಲ್ಲಿ ಒಂದು ಕಂತೆ ಇತ್ತು.

"ಮಿಕ್ಕಿದ್ದೆಲ್ಲೋ?"

"ಒಂದೊಂದನ್ನೂ ತಿರುಗಿಸಿ ನೋಡಿದೆ ಕಣವ್ವ. ಎಲ್ಲಾ ಅದೇ ಮುಖ."

ಅಷ್ಟರಲ್ಲಿ ಮಳೆ ಹಿಡಿಯಿತು. ಹೊಲ ಕಾಣದ ಹಾಗೆ ಸುರಿಯಿತು. ದ್ಯಾವಮ್ಮ ಹೊಸಲ ಮೇಲೆ ಕುಸಿದು ಕೂತಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಚಿಕ್ಕೀರ ಸೂರಿನಾಚೆ ಕೈ ಚಾಚಿದ. ಬಗ್ಗಿ ಬಗ್ಗಿ ನೋಡಿದ. ಆಮೇಲೆ ಬಂದು ಅವ್ವನ ಪಕ್ಕ ಕೂತ.

"ಅಳಬೇಡ ಕಣವ್ವ. ಬಿದ್ದಿರೋದು ಒಂದೇ ಹನಿ. ಮಿಕ್ಕಿದ್ದೆಲ್ಲ ಅದೇ ಮುಖ."