ಸಣ್ಣೀರಮ್ಮ ಬೆರೆಸದ ಬಿಳಿ

ಕನ್ನಡಿಯಲ್ಲಿ ಕಂಡಷ್ಟನ್ನೇ ಬರೆಯಬೇಕು. ಬಳ್ಳಾರಿಯ ಆ ಚಿತ್ರಶಾಲೆಯಲ್ಲಿ ತಮ್ಮ ಮುಖ ತಾವೇ ಬರೆಯುವವರಿಗೆ ಇದ್ದದ್ದು ಇದೊಂದೇ ನಿಯಮ. ಆ ವರ್ಷ ಅದನ್ನು ಒಬ್ಬಳ ಹೊರತು ಎಲ್ಲರೂ ಮುರಿದರು. ನಿಯಮ ಮಾಡಿದ ಪಂಪಾಪತಿ ಮೇಷ್ಟ್ರೂ ಸೇರಿ.

ಮೂರೇ ದಿನಕ್ಕೆ ಬಿಳಿ ಬಣ್ಣದ ಟ್ಯೂಬುಗಳು ಹಿಂಡಿ ಹಿಂಡಿ ಚಪ್ಪಟೆಯಾದವು. ಬಿಸಿಲೂರಿನ ಹನ್ನೆರಡು ಮಕ್ಕಳು ಹಾಲಿನಲ್ಲಿ ಅದ್ದಿ ತೆಗೆದವರಂತೆ ಶಾಲೆಯ ಗೋಡೆಯ ಮೇಲೆ ನಗತೊಡಗಿದರು.

ಹದಿಮೂರನೆಯವಳು ಸಣ್ಣೀರಮ್ಮ. ಮೊದಲ ದಿನ ಅವಳೂ ಬಿಳಿ ಬೆರೆಸಿದ್ದಳು. ಮೂಡಿದ ಮುಖ ನೋಡಿ, "ಯಾರವ್ವ ನೀನು?" ಎಂದು ತಾನೇ ಕೇಳಿ, ಕೆರೆದು ಹಾಕಿದಳು. ಆಮೇಲೆ ಎಂಟು ದಿನ ಕನ್ನಡಿ ಬಿಡಲಿಲ್ಲ. ಕಪ್ಪು ಎಂದು ಊರೆಲ್ಲ ಕರೆದ ತನ್ನ ಕೆನ್ನೆಯಲ್ಲಿ ತಾಮ್ರ ಕಂಡಿತು, ನೇರಳೆ ಕಂಡಿತು, ಕಿವಿಯ ಹತ್ತಿರ ಕೆಂಪು ಕಂಡಿತು. ಒಂದು ಹಾಳೆಯಲ್ಲಿ ಮುಖ ಬರೆದಳು. ಇನ್ನೊಂದರಲ್ಲಿ ಕಣ್ಣಿಲ್ಲ, ಮೂಗಿಲ್ಲ. ಆ ಬಣ್ಣಗಳು ಮಾತ್ರ ಅಂಚಿನಿಂದ ಅಂಚಿಗೆ ಹರಡಿದ್ದವು.

"ಇದೇನೇ, ರೊಟ್ಟಿ ಹಂಚು ಬರ್ದೀಯಾ?" ಎಂದಳು ಪಕ್ಕದ ರತ್ನಪ್ರಭಾ.

"ಅಲ್ಲ, ನಾನೇ. ಹತ್ರದಿಂದ."

ಮೇಷ್ಟ್ರು ಎರಡೂ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. "ಕೈ ಅಂದ್ರೆ ನಿಂದವ್ವ. ಮೊದಲ ಬಹುಮಾನ ನಿನಗೇ. ಆದ್ರೆ ನಾಳೆ ಟೌನ್ ಹಾಲಿನ ಪ್ರದರ್ಶನಕ್ಕೆ ದೊಡ್ಡೋರು ಬರ್ತಾರೆ. ಕೆನ್ನೆಗೆ ಚೂರು ಬಿಳಿ ತಾಗಿಸು."

"ನಿಯಮ, ಸಾರ್?"

"ನಿಯಮ ಕಲಿಯೋಕೆ. ಇದು ಪ್ರದರ್ಶನ. ಬಿಳಿ ಹಾಕದಿದ್ರೆ ಗೋಡೆ ಮೇಲೆ ಜಾಗ ಇಲ್ಲ."

ಆ ಗೋಡೆಗಾಗಿ ಸಣ್ಣೀರಮ್ಮ ಮೂರು ವರ್ಷ ಕಾದಿದ್ದಳು. ನೋಡಲೆಂದು ಅವ್ವ ಸಂಡೂರಿನಿಂದ ಬರುವವಳಿದ್ದಳು. ಅದೇ ಬಣ್ಣದ ಅವ್ವ.

"ಇದ್ರಾಗೆ ತಿದ್ದೋ ಅಂಥ ತಪ್ಪು ಏನೂ ಇಲ್ಲ, ಸಾರ್," ಎಂದಳು.

ಮರುದಿನ ಹನ್ನೆರಡು ಚಿತ್ರಗಳು ಒಳಗೆ ತೂಗಿದವು. ಸಣ್ಣೀರಮ್ಮ ತನ್ನ ಎರಡನ್ನೂ ಹೊತ್ತು ತಂದು, ಟೌನ್ ಹಾಲಿನ ಗೇಟಿನ ಹೊರಗೆ ಕಾಂಪೌಂಡಿಗೆ ಒರಗಿಸಿ, ತಲೆಯೆತ್ತಿ ಅವುಗಳ ನಡುವೆ ನಿಂತಳು.

ನೀತಿ: ತಿದ್ದಿಕೊಳ್ಳಬೇಕಾದದ್ದು ನಡತೆಯನ್ನು, ಮೈಬಣ್ಣವನ್ನಲ್ಲ. ತಮ್ಮ ಮುಖದ ವಿಷಯದಲ್ಲೇ ಸುಳ್ಳಾಡುವವರು ಬೇರೆ ಯಾವುದರಲ್ಲೂ ನಿಜ ಬರೆಯಲಾರರು.