ಏಳು ಬಾಗಿಲು ದಾಟಿದ ಒದ್ದೆ ಪಂಚೆ

"ನನ್ನ ಏಳು ಬಾಗಿಲು ದಾಟಿ ಒಳಗೆ ಬರಬೇಕಾದರೆ ಗಾಳಿಯೂ ಬಿಲ್ಲೆ ತೋರಿಸಬೇಕು!"

ಸಿರಿಗೋಡಿನ ಆಸ್ಥಾನದಲ್ಲಿ ಹೀಗೆಂದು ಮೀಸೆ ತಿರುವಿದವನು ಅರಮನೆ ಕಾವಲಿನ ಮುಖ್ಯಸ್ಥ ಭೈರವ ನಾಯಕ. ಹೊರಬಾಗಿಲಿನಿಂದ ಒಳಗಿನ ದೇವರಮನೆಯವರೆಗೆ ಏಳು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಯಾರೇ ಆಗಲಿ ತಾಮ್ರದ ಬಿಲ್ಲೆಯನ್ನು ಅವನ ಕೈಗಿಡಬೇಕು. ಅವನು ತಿರುಗಿಸಿ ನೋಡಿ ಹೂಂ ಎಂದ ಮೇಲೆಯೇ ಹೆಜ್ಜೆ ಎತ್ತಬೇಕು. ಈ ಏರ್ಪಾಡು ನಾಯಕನದೇ.

ಇಷ್ಟೆಲ್ಲ ಇದ್ದೂ ದೇವರಮನೆಯ ಬಂಗಾರದ ಗಿಂಡಿ ಮಾಯವಾಗಿತ್ತು.

"ಹೊರಗಿನವರು ಬರುವ ಹಾಗೇ ಇಲ್ಲ ಪ್ರಭು. ಅಂದಮೇಲೆ ಕದ್ದವನು ಒಳಗಿನವನೇ. ದೀಪ ಹಚ್ಚುವ ಈ ದ್ಯಾವಪ್ಪನನ್ನು ಬಿಟ್ಟರೆ ಅಲ್ಲಿ ಇನ್ಯಾರಿರುತ್ತಾರೆ?" ಎಂದ ನಾಯಕ.

"ಎಣ್ಣೆ ಬತ್ತಿ ಬಿಟ್ಟು ಬೇರೇನೂ ಮುಟ್ಟಿದವನಲ್ಲ ಬುದ್ಧೀ," ಎಂದು ಮುದುಕ ದ್ಯಾವಪ್ಪ ನೆಲಕ್ಕೆ ಹಣೆ ಹಚ್ಚಿದ.

ರಾಜ ವೀರರಾಯ ಮುಖ ಬಿಗಿದುಕೊಂಡೇ, "ನಾಳೆ ಗಡೀಪಾರು," ಎಂದ.

ಮುದುಕನನ್ನು ಕಂಡು ಆಸ್ಥಾನದ ವಿನೋದಗಾರ ಶೇಷಪ್ಪಯ್ಯನಿಗೆ ಊಟದ ಯೋಚನೆಯೇ ಮರೆತುಹೋಯಿತು. ಹಾಗಾದದ್ದು ಅವನಿಗೇ ಆಶ್ಚರ್ಯ.

"ಪ್ರಭು, ಆ ಬಾಗಿಲುಗಳನ್ನು ನಾನೊಮ್ಮೆ ದಾಟಿ ನೋಡಲೇ?"

ನಾಯಕ ನಕ್ಕುಬಿಟ್ಟ. "ಸ್ವಾಮಿ, ಆಸ್ಥಾನದ ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತೀರಿ!"

"ಅದಕ್ಕೇ ಕೇಳಿದ್ದು ನಾಯಕರೇ. ಚುರುಕಾದ ಕಳ್ಳ ದಾಟಿದರೆ ಅವನ ಹೆಚ್ಚುಗಾರಿಕೆ. ಈ ಡೊಳ್ಳುಹೊಟ್ಟೆ ದಾಟಿದರೆ ಮಾತ್ರ ಬಾಗಿಲಿನ ತಪ್ಪು."

ರಾಜನಿಗೆ ಕುತೂಹಲ ಹುಟ್ಟಿತು. "ಆಗಲಿ. ದೇವರ ಪಾದದ ಬಳಿ ನನ್ನ ಪಟ್ಟದ ಕಿರೀಟವಿದೆ. ನಾಳೆ ಮಧ್ಯಾಹ್ನದೊಳಗೆ ತಂದರೆ ದ್ಯಾವಪ್ಪ ಬಿಡುಗಡೆ. ಸಿಕ್ಕಿಬಿದ್ದರೆ ಅವನ ಜೊತೆ ನೀನೂ ಗಡಿ ದಾಟು."

ಬಾಯಿ ಸುಮ್ಮನಿರಬಾರದಿತ್ತೇ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಶೇಷಪ್ಪಯ್ಯ ಮನೆ ಸೇರಿದ. ಯೋಚನೆಯಲ್ಲಿ ಕಾಲು ಅಡುಗೆಮನೆಯ ಹೊಸ್ತಿಲಿನವರೆಗೂ ಹೋಯಿತು.

"ಮಡಿ! ಮಡಿಯಲ್ಲಿದ್ದೀನಿ! ಅಲ್ಲೇ ನಿಲ್ಲಿ!" ಹೆಂಡತಿ ನರಸಮ್ಮ ಸೌಟು ಎತ್ತಿದಳು.

ಶೇಷಪ್ಪಯ್ಯ ಎಗರಿ ಹಿಂದೆ ಸರಿದು ಗೋಡೆಗೆ ಅಂಟಿಕೊಂಡ. ಅಂಟಿಕೊಂಡಲ್ಲಿಂದಲೇ ಅವಳ ಸೌಟನ್ನೂ ತಾನು ಸರಿದ ದೂರವನ್ನೂ ನೋಡಿದ. ಆಮೇಲೆ ಮೆಲ್ಲನೆ ನಕ್ಕ.

"ಏನು ನಗು?"

"ಏನಿಲ್ಲ ಕಣೇ. ಬೆಳಿಗ್ಗೆ ದೇವರ ನೈವೇದ್ಯಕ್ಕೆ ಒಂದಿಷ್ಟು ಹುಗ್ಗಿ ಮಾಡಿಕೊಡು."

ಬೆಳಿಗ್ಗೆ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡ. ಪಂಚೆಯನ್ನಷ್ಟೇ ಒದ್ದೆ ಮಾಡಿಕೊಂಡರೂ ನಡೆಯುತ್ತಿತ್ತು. ಆದರೆ ರಾಜನನ್ನು ಏಮಾರಿಸುವಷ್ಟು ಇದ್ದ ಧೈರ್ಯ ದೇವರನ್ನು ಏಮಾರಿಸಲು ಸಾಲಲಿಲ್ಲ. ಒದ್ದೆ ಪಂಚೆ ಉಟ್ಟು, ಒದ್ದೆ ವಸ್ತ್ರವನ್ನು ತಲೆಯಿಂದ ಮೂಗಿನವರೆಗೆ ಇಳಿಬಿಟ್ಟು, ಬಾಳೆಲೆ ಮುಚ್ಚಿದ ಹುಗ್ಗಿಯ ಪಾತ್ರೆ ಹಿಡಿದು ಹೊರಟ.

"ಬಿಲ್ಲೆ?" ಮೊದಲ ಬಾಗಿಲಿನವನು ಕೈ ಚಾಚಿದ.

"ಮ-ಮ-ಮಡಿ!" ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಊರೆಲ್ಲ ಮುಟ್ಟಿದ ಬಿಲ್ಲೆ ನಾನು ಮುಟ್ಟಲೇ? ಬೇಕಾದರೆ ನನ್ನನ್ನು ಮುಟ್ಟಿ ತಡಿ. ದೇವರು ಉಪವಾಸವಿದ್ದರೆ ರಾಜರಿಗೆ ನೀನೇ ಉತ್ತರ ಹೇಳು."

ಕಾವಲುಗಾರ ಚಾಚಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಎರಡನೆಯವನು ಆ ಕೂಗು ಕೇಳಿಯೇ ಸರಿದು ನಿಂತಿದ್ದ. ಉಳಿದವರೂ ಅಷ್ಟೇ. ಏಳನೆಯ ಬಾಗಿಲಲ್ಲಿ ಸ್ವತಃ ಭೈರವ ನಾಯಕ. ಅವನಂತೂ ಗೋಡೆಗೆ ಬೆನ್ನು ಹಚ್ಚಿ, "ದಾರಿ ಬಿಡ್ರೋ, ಮಡಿ ಬರ್ತಾ ಇದೆ!" ಎಂದು ಒಳಗೆ ಯಾರೂ ಇಲ್ಲದಿದ್ದರೂ ಕೂಗಿ ಹೇಳಿದ.

ದೇವರಿಗೆ ಹುಗ್ಗಿ ಅರ್ಪಿಸಿ ಕೈಮುಗಿದದ್ದಾಯಿತು. ಈಗ ಪಾತ್ರೆಯಲ್ಲಿ ಕಿರೀಟಕ್ಕೆ ಜಾಗ ಬೇಕು. ಶೇಷಪ್ಪಯ್ಯ ಕೂತು ಪ್ರಸಾದವನ್ನೆಲ್ಲ ತಿಂದು ಮುಗಿಸಿದ. ಇದೊಂದು ಕೆಲಸಕ್ಕೆ ತನಗಿಂತ ತಕ್ಕವನು ಸಂಸ್ಥಾನದಲ್ಲೇ ಇಲ್ಲವೆಂದು ಹೆಮ್ಮೆಯೂ ಆಯಿತು. ಹಿಂದಿರುಗುವಾಗ ಅವನು ಮಡಿ ಎನ್ನಲಿಲ್ಲ. ಹೊಟ್ಟೆ ತುಂಬ ತಿಂದ ಮೇಲೆ ಎಂಥ ಮಡಿ? ಆದರೆ ಬಿಲ್ಲೆ ಕೇಳಿದವರೂ ಯಾರೂ ಇರಲಿಲ್ಲ.

ಮಧ್ಯಾಹ್ನ ಆಸ್ಥಾನದಲ್ಲಿ ನಾಯಕ ಎದೆಯುಬ್ಬಿಸಿ ನಿಂತಿದ್ದ. "ಒಂದು ನರಪಿಳ್ಳೆಯೂ ಬಂದಿಲ್ಲ ಪ್ರಭು!"

ಶೇಷಪ್ಪಯ್ಯ ಪಾತ್ರೆಯನ್ನು ರಾಜನ ಮುಂದಿಟ್ಟ. ರಾಜ ಬಾಳೆಲೆ ಸರಿಸಿದ. ಕಿರೀಟ! ಅದರ ಮುತ್ತಿನ ಸಾಲಿಗೆ ಹುಗ್ಗಿಯ ಅಗುಳು ಮೆತ್ತಿತ್ತು.

"ನಾಯಕಾ, ಇವನು ಹೇಗೆ ದಾಟಿದ?"

"ನಾನೆಲ್ಲಿ ದಾಟಿದೆ ಪ್ರಭು? ನಾಯಕರೇ ದಾರಿ ಬಿಡಿಸಿ ಒಳಗೆ ಕಳಿಸಿಕೊಟ್ಟರು," ಎಂದು ಶೇಷಪ್ಪಯ್ಯ ನಡೆದದ್ದನ್ನೆಲ್ಲ ಹೇಳಿದ. "ಗಿಂಡಿ ಯಾರು ಕದ್ದರೋ ನಾನರಿಯೆ. ಆದರೆ ನಾನೇ ಹೋಗಿ, ಊಟ ಮುಗಿಸಿ ಬಂದಿದ್ದೇನೆಂದರೆ, ಒಳಗಿದ್ದ ತಪ್ಪಿಗೆ ದ್ಯಾವಪ್ಪನನ್ನು ಹಿಡಿಯುವುದು ನ್ಯಾಯವೇ?"

ರಾಜ ತಲೆತಗ್ಗಿಸಿದ. ದ್ಯಾವಪ್ಪನ ಕಟ್ಟು ಬಿಚ್ಚಿಸಿ, ಇನ್ನೂ ನಡುಗುತ್ತಿದ್ದ ಶೇಷಪ್ಪಯ್ಯನಿಗೆ ತನ್ನ ಶಾಲನ್ನೇ ಹೊದಿಸಿದ.

"ಮಡಿಯವರನ್ನು ಮುಟ್ಟಿ ತಡೆಯಲಾದೀತೇ ಪ್ರಭು?" ನಾಯಕನ ಮೀಸೆ ಜೋತುಬಿದ್ದಿತ್ತು.

"ಮುಟ್ಟುವುದೇಕೆ? ನಮ್ಮ ಮನೆಯವಳ ಅಡುಗೆಮನೆಗೆ ಬೀಗವಿಲ್ಲ, ಬಿಲ್ಲೆಯಿಲ್ಲ. ಆದರೂ ಒದ್ದೆ ಪಂಚೆ ಕಂಡ ಮಾತ್ರಕ್ಕೆ ಅವಳು ನಂಬುವವಳಲ್ಲ. ದೂರದಿಂದಲೇ ತಲೆ ಮೇಲಿನ ವಸ್ತ್ರ ತೆಗೆಸಿ ಮುಖ ನೋಡುತ್ತಾಳೆ. ಎಲ್ಲಿ ಮಿಂದಿರಿ, ಆಮೇಲೆ ಏನೇನು ಮುಟ್ಟಿದಿರಿ, ಈಗ ಒಳಗೆ ನಿಮಗೇನು ಕೆಲಸ ಎಂದು ಕೇಳುತ್ತಾಳೆ."

ರಾಜ ತೊಡೆ ತಟ್ಟಿದ. "ಹಾಗಾದರೆ ಏಳನೆಯ ಬಾಗಿಲಿಗೆ ಆಕೆಯನ್ನೇ ನೇಮಿಸೋಣ!"

ಶೇಷಪ್ಪಯ್ಯ ಗಾಬರಿಯಿಂದ ಕೈಮುಗಿದ. "ಬೇಡ ಪ್ರಭು! ಮದುವೆಯಾದಂದಿನಿಂದ ನಮ್ಮ ಅಡುಗೆಮನೆ ಒಳಗೆ ಹೇಗಿದೆಯೆಂದು ನಾನಿನ್ನೂ ಕಂಡಿಲ್ಲ. ಅವಳು ಇಲ್ಲಿ ನಿಂತರೆ ನಿಮ್ಮ ದೇವರನ್ನು ನೀವೂ ಕಾಣಲಾರಿರಿ!"