ಬಲ್ಲಿದ ಓಡುವುದಿಲ್ಲ

ಮಕ್ಕಳೇ, ಒಂದು ಕುರುಚಲು ಕಾಡಿತ್ತು. ಕುರುಚಲು ಕಾಡು ಎಂದರೆ ದೊಡ್ಡ ದೊಡ್ಡ ಮರಗಳಿಲ್ಲದ, ಸಣ್ಣ ಗಿಡಗಳೂ ಮುಳ್ಳಿನ ಪೊದೆಗಳೂ ತುಂಬಿಕೊಂಡ ಕಾಡು. ಅದರ ನಡುವೆ ಒಂದು ಹೊಂಡ, ಹೊಂಡದ ದಂಡೆಯಲ್ಲಿ ಒಂದು ಜಾಲಿಮರ, ಮರದ ಮುಂದೆ ಹುಲ್ಲಿನ ಬಯಲು. ಬಯಲಿನ ಆಚೆ ಬದಿಗೆ ದಟ್ಟವಾದ ಒಂದು ಲಂಟಾನದ ಪೊದೆ. ಈ ಪೊದೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಬಯಲಿನಲ್ಲಿ ಮೊಲಗಳು ವಾಸವಾಗಿದ್ದವು. ಕಾಡುಮೊಲಗಳು ಬಿಲ ತೋಡುವುದಿಲ್ಲ. ಹುಲ್ಲಿನೊಳಗೆ ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು ಮಲಗುತ್ತವೆ, ಅಷ್ಟೇ. ಅಡಗಲು ಜಾಗವಿಲ್ಲದ ಮೇಲೆ ಅವು ಬದುಕಿ ಉಳಿಯುವುದು ಓಟದಿಂದ ಮಾತ್ರ. ಅದಕ್ಕೇ ಅವುಗಳಲ್ಲಿ ಒಂದು ಪದ್ಧತಿ ಇತ್ತು. ಯಾರಿಗಾದರೂ ಅಪಾಯದ ಸುಳಿವು ಸಿಕ್ಕರೆ ಅವರು ಹಿಂಗಾಲಿನಿಂದ ನೆಲವನ್ನು ದಬದಬ ಬಡಿಯಬೇಕು. ಕೇಳಿಸಿಕೊಂಡವರು ಯಾಕೆಂದು ಕೇಳಬಾರದು, ಹಿಂತಿರುಗಿ ನೋಡಬಾರದು, ಓಡಿಬಿಡಬೇಕು. ಮರಿಗಳು ಹಾಲು ಬಿಡುವುದರೊಳಗೆ ಅಜ್ಜಿಯರು ಇದನ್ನು ಕಲಿಸಿ ಮುಗಿಸುತ್ತಿದ್ದರು.

ಜಾಲಿಮರದ ಒಣಕೊಂಬೆಯ ಮೇಲೆ ಕವಲ ಎಂಬ ಕಾಜಾಣ ಕೂರುತ್ತಿದ್ದ. ಕಾಜಾಣ ಎಂದರೆ ಕಪ್ಪು ಮೈಯ, ಎರಡಾಗಿ ಸೀಳಿದ ಬಾಲದ ಹಕ್ಕಿ. ಬಾಲ ಹಾಗಿದ್ದುದರಿಂದಲೇ ಅವನಿಗೆ ಆ ಹೆಸರು. ಕಾಜಾಣಗಳಿಗೆ ಬೇರೆಯವರ ದನಿಯನ್ನು ಹಾಗೇ ಎತ್ತಿ ಆಡುವುದು ಗೊತ್ತು. ಕವಲ ಗಿಡುಗನ ಕೂಗು, ನರಿಯ ಗುರುಗುಟ್ಟು, ಮೊಲದ ಕಿರುಚು ಎಲ್ಲವನ್ನೂ ಆಡಬಲ್ಲವನಾಗಿದ್ದ. ಸಂಜೆ ಹೊತ್ತು ಮೊಲಗಳು ಮೇಯಲು ಹೊರಡುವ ಮುಂಚೆ ಮರದ ಕೆಳಗೆ ಸೇರುತ್ತಿದ್ದವು. ಕವಲ ಅವುಗಳಿಗೆ ಬಲ್ಲಿದನ ಕತೆ ಹೇಳುತ್ತಿದ್ದ.

ಬಲ್ಲಿದ ಕತೆಯೊಳಗಿನ ಮೊಲ. ನಿಜವಾದ ಮೊಲ ಅಲ್ಲ. ಇದನ್ನು ಬಿಡಿಸಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಎಡವಟ್ಟಾದದ್ದು ಇಲ್ಲಿಯೇ.

ಮೊದಮೊದಲು ಬಲ್ಲಿದ ಪುಕ್ಕಲನಾಗಿದ್ದ. ಮೊದಲ ಕತೆಯಲ್ಲಿ ಅವನು ಓಡುವಾಗ ಹಿಂತಿರುಗಿ ನೋಡಿ, ನರಿಯ ಬಾಯಿಗೆ ಅರ್ಧ ಕಿವಿ ಕೊಟ್ಟು ಬಂದ. ಅದರ ಮುಂದಿನ ಕತೆಯಲ್ಲಿ ಹಿಂತಿರುಗಿ ನೋಡಲಿಲ್ಲ, ಆದರೆ ನೇರವಾಗಿ ಓಡಿ ಸಿಕ್ಕಿಬೀಳುವುದರಲ್ಲಿದ್ದ. ಆಮೇಲಿನ ಕತೆಯಲ್ಲಿ ಅಂಕುಡೊಂಕಾಗಿ ಓಡುವುದನ್ನು ಕಲಿತ. ಅವನಿಗೆ ಚುಕ್ಕಿ ಎಂಬ ತಂಗಿಯೂ ಇದ್ದಳು. ಅವಳ ಮೂಗು ಚುರುಕು. ಅಪಾಯ ಬಂದರೆ ಕಾಲು ಬಡಿದು ಅಣ್ಣನನ್ನು ಎಚ್ಚರಿಸುತ್ತಿದ್ದವಳು ಅವಳೇ. ಈ ಕತೆಗಳನ್ನು ಮೊಲಗಳು ಕಿವಿಗೊಟ್ಟು ಕೇಳಿ, ಸುಮ್ಮನೆ ಎದ್ದು ಹೋಗುತ್ತಿದ್ದವು. ಅಂದರೆ ಇಷ್ಟವಾಗಿರಲಿಲ್ಲ ಎಂದಲ್ಲ. ಯೋಚಿಸುತ್ತಾ ಹೋಗುತ್ತಿದ್ದವು.

ಒಂದು ಸಂಜೆ ಕವಲನಿಗೆ ಏನೋ ಹೊಳೆಯಿತು. ಕತೆಯಲ್ಲಿ ನರಿ ಅಟ್ಟಿಸಿಕೊಂಡು ಬಂತು, ಚುಕ್ಕಿ "ಓಡಣ್ಣಾ" ಎಂದಳು. ಬಲ್ಲಿದ ಓಡಲಿಲ್ಲ. "ನೀನು ಓಡು, ನಾನಿದ್ದೀನಿ" ಎಂದು ತಿರುಗಿ ನಿಂತು, ನೆಲವನ್ನು ದಬದಬ ಬಡಿದು, ನರಿಯ ಮೂತಿಗೆ ಒಂದು ಒದೆ ಕೊಟ್ಟ. ನರಿ ಹೊಂಡಕ್ಕೆ ಬಿತ್ತು.

ಬಯಲಿಗೆ ಬಯಲೇ ಕುಣಿಯಿತು. ಮರಿಗಳು ಬಲ್ಲಿದನ ಹಾಗೆ ತಾವೂ ನೆಲ ಬಡಿದವು, ಅವನ್ನು ನೋಡಿ ದೊಡ್ಡವೂ ಬಡಿದವು. ಕವಲ ತನ್ನ ಜೀವಮಾನದಲ್ಲಿ ಅಂಥ ಸದ್ದು ಕೇಳಿರಲಿಲ್ಲ. ಅದು ತನಗಾಗಿ ಎಂದು ಗೊತ್ತಾದಾಗ ಅವನ ಗರಿಗಳೆಲ್ಲ ಅರಳಿದವು.

ಅಂದಿನಿಂದ, ಒಂದೇ ಒಂದು ಸಲ ಬಿಟ್ಟರೆ, ಬಲ್ಲಿದ ಓಡಲಿಲ್ಲ. ನರಿಯನ್ನು ಒದ್ದವನು ಆಮೇಲೆ ಚಿರತೆಯನ್ನು ಒದ್ದ, ಹೆಬ್ಬಾವನ್ನು ಗಂಟು ಹಾಕಿದ. ಅವನಿಗೆ ಒಂದು ಮುಳ್ಳೂ ಚುಚ್ಚುತ್ತಿರಲಿಲ್ಲ. ಚುಕ್ಕಿಯ ಮೂಗಿಗೆ ಕೆಲಸವಿಲ್ಲದಂತಾಯಿತು, ಏಕೆಂದರೆ ಎಲ್ಲವೂ ಬಲ್ಲಿದನಿಗೇ ಮೊದಲು ಗೊತ್ತಾಗುತ್ತಿತ್ತು. ಅವಳು ಪ್ರತಿ ಕತೆಯಲ್ಲೂ ಒಂದು ಸಲ "ಓಡಣ್ಣಾ" ಎನ್ನುತ್ತಿದ್ದಳು. ಆ ಮಾತು ಬಂದರೆ ಸಾಕು, ಈಗ ಬಲ್ಲಿದ ತಿರುಗಿ ನಿಲ್ಲುತ್ತಾನೆ ಎಂದು ತಿಳಿದು ಮೊಲಗಳು ಕಾಲು ಸಿದ್ಧ ಮಾಡಿಕೊಳ್ಳುತ್ತಿದ್ದವು. ಒಂದು ಕತೆಯಲ್ಲಂತೂ ಕವಲ, ಬಲ್ಲಿದ ಎರಡೂ ಕಿವಿಗಳನ್ನು ನೆಟ್ಟಗೆ ನಿಲ್ಲಿಸಿದ ಎಂದ. ಅರ್ಧ ಕಿವಿ ಹೋದ ಮೊಲಕ್ಕೆ ಅದು ಮತ್ತೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

ಗಮನಿಸಿದವಳು ಕೆಂಚಜ್ಜಿ ಒಬ್ಬಳೇ. ಅವಳು ಬಯಲಿನ ಎಲ್ಲರಿಗಿಂತ ಹಿರಿಯ ಮೊಲ. ಆ ಅರ್ಧ ಕಿವಿ ನಿಜವಾಗಿ ಅವಳದು. ಎಳೆತನದಲ್ಲಿ ಹಿಂತಿರುಗಿ ನೋಡಿ ಕಳೆದುಕೊಂಡದ್ದನ್ನು ಕವಲನಿಗೆ ಹೇಳಿದ್ದೂ ಅವಳೇ. ಮಾರನೆಯ ಬೆಳಿಗ್ಗೆ ಅವಳು ಮರದ ಬುಡಕ್ಕೆ ಹೋಗಿ, ಕಾಲು ಬಡಿತವನ್ನು ಕುಣಿತಕ್ಕೆ ಬಳಸಬೇಡ, ಅದು ಓಡುವುದಕ್ಕೆ ಇರುವುದು ಎಂದು ಮೆತ್ತಗೆ ಹೇಳಿದಳು. ಬಲ್ಲಿದ ಮೊನ್ನೆ ಇದ್ದಂತೆಯೇ ಇವತ್ತೂ ಇದ್ದಾನೆ, ಸೋಲದವನು ಕಲಿಯುವುದಾದರೂ ಏನನ್ನು ಎಂದೂ ಕೇಳಿದಳು.

ಕವಲ ಬಾಲ ಕುಣಿಸಿದ. "ಅಜ್ಜಿ, ನಡುವೆ ಒಂದು ಸಲ ಅವನನ್ನ ಓಡಿಸಿ ನೋಡಿದೆ. ಅರ್ಧ ಜನ ಎದ್ದು ಹೋದರು."

"ಎದ್ದು ಹೋದವರು ಜೀವಂತವಾಗಿ ಮನೆ ಸೇರಿದರಲ್ಲಪ್ಪ" ಎಂದಳು ಅಜ್ಜಿ.

ಕವಲನಿಗೆ ಅದು ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿಯೂ ಹಿಂದಿನ ಸಂಜೆಯ ಸದ್ದು ಇನ್ನೂ ಕಿವಿಯಲ್ಲಿದ್ದುದರಿಂದ ಅದರೊಳಗೆ ಮುಳುಗಿಹೋಯಿತು. ಅಲ್ಲೇ ಮೇಯುತ್ತಿದ್ದ ಹರೆಯದ ಮೊಲಗಳು, ಅಜ್ಜಿಗೆ ಇರುವುದೇ ಒಂದೂವರೆ ಕಿವಿ, ಕತೆ ಪೂರ್ತಿ ಎಲ್ಲಿ ಕೇಳಿಸೀತು ಎಂದು ನಕ್ಕವು.

ಈಗ ತುಂಬೆ ಎಂಬ ತಾಯಿಮೊಲದ ವಿಷಯ ಹೇಳಬೇಕು. ಅವಳ ಹಿಂದಿನ ಮರಿಗಳಲ್ಲಿ ಯಾವುದೂ ಉಳಿದಿರಲಿಲ್ಲ. ಈ ಸಲ ಉಳಿದದ್ದು ಗರಿಕೆ ಒಬ್ಬನೇ. ಅವನು ಎಲೆ ಉದುರಿದರೂ ನಡುಗುತ್ತಿದ್ದ. ಹೀಗೆ ಹೆದರಿ ಹೆದರಿಯೇ ಇವನೂ ಸತ್ತುಹೋದಾನು ಎಂದು ತುಂಬೆಗೆ ಭಯ. ಅದಕ್ಕೇ ದಿನವೂ ಸಂಜೆ ಅವನನ್ನು ಜಾಲಿಮರದ ಕೆಳಗೆ ಕರೆದುಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂರಿಸುತ್ತಿದ್ದಳು.

ಕತೆ ಕೇಳುತ್ತ ಕೇಳುತ್ತ ಗರಿಕೆಯ ನಡುಕ ನಿಂತಿತು. ಅವನು ಎದೆಯುಬ್ಬಿಸಿ ನಡೆಯತೊಡಗಿದ. ಕೆಂಚಜ್ಜಿ ಅವನನ್ನು ಕರೆದು, ಬಾ ಮಗು, ಅಂಕುಡೊಂಕಾಗಿ ಓಡುವುದನ್ನು ಹೇಳಿಕೊಡುತ್ತೇನೆ ಎಂದರೆ ಅವನು ಅಲ್ಲಾಡಲಿಲ್ಲ.

"ಬಲ್ಲಿದ ಓಡಲ್ಲ ಅಜ್ಜಿ" ಎಂದ.

"ಬಲ್ಲಿದನನ್ನ ಹೆತ್ತವರು ಯಾರೂ ಇಲ್ಲ. ನಿನಗೆ ಅಮ್ಮ ಇದ್ದಾಳೆ. ಬಾ."

ತುಂಬೆ ನಡುವೆ ಬಂದಳು. "ಬಿಡಿ ಅಜ್ಜಿ. ಈಗಷ್ಟೇ ಧೈರ್ಯ ಬಂದಿದೆ. ಮತ್ತೆ ಓಡೋದು ಹೇಳಿಕೊಟ್ಟು ಹೆದರಿಸಬೇಡಿ."

ಅವಳದು ತಪ್ಪೆಂದು ನಾವು ಸುಲಭವಾಗಿ ಹೇಳಬಹುದು. ಆದರೆ ಎಷ್ಟೋ ಕಾಲದ ಮೇಲೆ ಅವಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಅದನ್ನೂ ಹೇಳದೆ ಬಿಡಬಾರದು.

ಇನ್ನು ಲಂಟಾನದ ಪೊದೆ. ಅದರೊಳಗೆ ಒಂದು ಹೆಣ್ಣು ನರಿ ಬಂದು ಮಲಗುತ್ತಿದ್ದಳು. ಇವಳು ನಿಜವಾದ ನರಿ. ಮೊಲ ಹಿಡಿಯಲು ಬಂದವಳಿಗೆ ಮೊದಲ ದಿನವೇ ಕತೆ ಕೇಳಿಸಿತು. ಕತೆಯಲ್ಲಿ ನರಿ ಸೋತದ್ದು ಕೇಳಿ ಅವಳಿಗೆ ಸಿಟ್ಟು ಬರಲಿಲ್ಲ. ಯಾಕೆ ಸೋತಿತು ಎಂದು ಯೋಚಿಸಿದಳು. ಒಂದು ಕತೆಯಲ್ಲಿ ನರಿ ಗಾಳಿ ಬೀಸುವ ಕಡೆಯಿಂದ ಬಂದು, ತನ್ನ ವಾಸನೆಯನ್ನು ತಾನೇ ಮೊಲಗಳಿಗೆ ಮುಟ್ಟಿಸಿತ್ತು. ಹಾಗಾದರೆ ಗಾಳಿಗೆ ಎದುರಾಗಿ ಬರಬೇಕು. ಇನ್ನೊಂದರಲ್ಲಿ ತರಗೆಲೆ ತುಳಿದಿತ್ತು. ಮತ್ತೊಂದರಲ್ಲಿ ಹಾರುವ ಮೊದಲು ಗುರುಗುಟ್ಟಿತ್ತು. ಕತೆಯ ನರಿ ಪ್ರತಿ ಸಲವೂ ಹೊಸದೊಂದು ತಪ್ಪು ಮಾಡಿ ಸೋಲುತ್ತಿತ್ತು, ಪೊದೆಯ ನರಿ ಪ್ರತಿ ಸಲವೂ ಅದೊಂದನ್ನು ಕಲಿಯುತ್ತಿದ್ದಳು. ಅವಳ ಹೊಟ್ಟೆ ಬೆನ್ನಿಗೆ ಅಂಟಿತ್ತು, ಗುಹೆಯಲ್ಲಿ ಮರಿಗಳು ಕಾಯುತ್ತಿದ್ದವು. ಆದರೂ ಅವಸರಪಡಲಿಲ್ಲ. ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅವಳಿಗೆ ತಿಳಿಯಿತು. ಈ ಬಯಲಿನಲ್ಲಿ ಕಾಲು ಬಡಿದರೆ ಈಗ ಯಾರೂ ಓಡುವುದಿಲ್ಲ.

ಅಂದಿನ ಸಂಜೆ ಆಕಾಶ ಕೆಂಪಾಗಿತ್ತು. ಕವಲನ ಕತೆ ರಂಗೇರಿತ್ತು. ಬಲ್ಲಿದ ಒಂದು ತೋಳದ ಹಿಂಡಿನ ನಡುವೆ ನಿಂತಿದ್ದ. ಕೆಂಚಜ್ಜಿ ಎಂದಿನಂತೆ ಎಲ್ಲರಿಂದ ದೂರ, ಪೊದೆಯ ಹತ್ತಿರ ಕೂತಿದ್ದಳು. ಗಾಳಿ ಅವಳ ಕಡೆಯಿಂದ ಪೊದೆಯ ಕಡೆಗೆ ಬೀಸುತ್ತಿದ್ದುದರಿಂದ ಅವಳಿಗೆ ನರಿಯ ವಾಸನೆ ಬರಲಿಲ್ಲ. ಆದರೆ ಪೊದೆಯೊಳಗೆ ಕೂಗುತ್ತಿದ್ದ ಜೀರುಂಡೆಗಳು ಥಟ್ಟನೆ ಸುಮ್ಮನಾದವು. ಅವು ಸುಮ್ಮನಾಗುವುದು ಯಾರೋ ಹತ್ತಿರ ಸುಳಿದಾಗ.

ಅಜ್ಜಿ ನೆಲ ಬಡಿದಳು.

ಮುಂದೆ ಕೂತಿದ್ದವರು ಅದನ್ನು ಕೇಳಿ ಹಿಗ್ಗಿದರು. ಅಂತೂ ಅಜ್ಜಿಗೂ ಬಲ್ಲಿದ ಹಿಡಿಸಿದ ಎಂದುಕೊಂಡು ತಾವೂ ಬಡಿದರು. ಅಜ್ಜಿ ಇನ್ನೂ ಜೋರಾಗಿ ಬಡಿದಳು. ಅವರೂ ಇನ್ನೂ ಜೋರಾಗಿ ಬಡಿದರು. ಬಯಲೆಲ್ಲ ದಬದಬ ಎನ್ನುತ್ತಿತ್ತು. ಆ ಸದ್ದಿನಲ್ಲಿ ನರಿಯ ಹೆಜ್ಜೆ ಯಾರಿಗೂ ಕೇಳಿಸಲಿಲ್ಲ.

ಎತ್ತರದಲ್ಲಿದ್ದ ಕವಲನಿಗೆ ಹುಲ್ಲು ಅಲ್ಲಾಡುವುದು ಕಂಡಿತು. ಕತೆಯನ್ನು ಅಲ್ಲಿಗೇ ಬಿಟ್ಟ. "ಓಡಿ" ಎಂದು ಕಿರುಚಿದ. ಮೊಲಗಳು ಅವನತ್ತ ಮುಖವೆತ್ತಿ, ಬಲ್ಲಿದ ತಿರುಗಿ ನಿಲ್ಲುವುದನ್ನು ಕಾದವು. ಅವನು ಮತ್ತೆ "ಓಡಿ, ಓಡಿ" ಎಂದ. ಅವನ ಬಳಿ ಎಷ್ಟೆಲ್ಲ ದನಿಗಳಿದ್ದವು, ಆದರೆ ಅವರು ನಂಬುವಂಥ ದನಿ ಒಂದೂ ಉಳಿದಿರಲಿಲ್ಲ.

ನರಿ ಗುರುಗುಟ್ಟಲಿಲ್ಲ. ಹುಲ್ಲಿನಿಂದ ಸುಮ್ಮನೆ ಎದ್ದು ನಿಂತಳು. ಆಗ ಎಲ್ಲರೂ ನೋಡಿದರು. ನೋಡಿದವರ ಮೈಗೆ ಅಜ್ಜಿಯರ ಪಾಠ ನೆನಪಾಗಿ ದಿಕ್ಕುದಿಕ್ಕಿಗೆ ಚದುರಿದರು. ತುಂಬೆಯೂ ನೆಗೆದಳು. ಪಕ್ಕದಲ್ಲಿ ಮಗನಿಲ್ಲ ಎಂದು ತಿಳಿದು ನಿಂತಳು.

"ಓಡು ಮಗಾ" ಎಂದಳು.

ಗರಿಕೆ ಅಮ್ಮನ ಕಡೆ ನೋಡಿದ. ಅವನ ಮುಖದಲ್ಲಿ ಭಯವಿರಲಿಲ್ಲ. ಎಷ್ಟೋ ಸಂಜೆಗಳಿಂದ ಕಾದಿದ್ದ ಗಳಿಗೆ ಬಂದವನ ಹಾಗಿದ್ದ.

"ನೀನು ಓಡಮ್ಮ, ನಾನಿದ್ದೀನಿ" ಎಂದ.

ಆಮೇಲೆ ಅವನು ಬಲ್ಲಿದನಂತೆ ತಿರುಗಿ ನಿಂತು ನೆಲವನ್ನು ದಬದಬ ಬಡಿದ. ನರಿಗೂ ಆ ಕತೆ ಬಾಯಿಪಾಠವಾಗಿತ್ತು. ಬಡಿತದ ನಂತರ ಒದೆ ಬರುತ್ತದೆ, ಒದೆಯುವಾಗ ಮೊಲ ಬೆನ್ನು ತಿರುಗಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಕಾದಳು. ಅವನು ಬೆನ್ನು ತಿರುಗಿಸಿದ.

ಅದು ಬೇಗ ಮುಗಿಯಿತು. ಇದಕ್ಕಿಂತ ಹೆಚ್ಚು ಹೇಳುವುದು ಬೇಡ.

ಮರುದಿನ ಸಂಜೆ ಮೊಲಗಳು ಮತ್ತೆ ಮರದ ಕೆಳಗೆ ಬಂದವು. ಯಾಕೆ ಬಂದವೆಂದು ಅವಕ್ಕೂ ಗೊತ್ತಿರಲಿಲ್ಲ, ಪ್ರಾಯಶಃ ಬೇರೆಲ್ಲಿಗೆ ಹೋಗಬೇಕೆಂದು ತೋಚಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಯಾರೂ ಅಲ್ಲಿ ಕೂರಲಿಲ್ಲ. ಕವಲ ಕೊಂಬೆಯ ಮೇಲೆ ಕುಗ್ಗಿಕೊಂಡಿದ್ದ. ಇನ್ನು ಕತೆ ಹೇಳುವುದಿಲ್ಲ ಎಂದ.

"ಹೇಳು" ಎಂದಳು ತುಂಬೆ. "ಇವತ್ತು ಅವನು ಓಡಲಿ."

ಕವಲ ಹೇಳಿದ. ಬಲ್ಲಿದನಿಗೆ ಅರ್ಧ ಕಿವಿ ಇತ್ತು. ಅವನಿಗೆ ಹೆದರಿಕೆಯಾಯಿತು, ಕಾಲು ನಡುಗಿತು. ಚುಕ್ಕಿ ವಾಸನೆ ಹಿಡಿದು "ಓಡಣ್ಣಾ" ಎಂದಳು. ಅವನು ಓಡಿದ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಯಾರೂ ಎದ್ದು ಹೋಗಲಿಲ್ಲ. ಯಾರೂ ನೆಲ ಬಡಿಯಲೂ ಇಲ್ಲ. ಮರಿಗಳು ಉಸಿರು ಹಿಡಿದು, ಅವನು ಯಾವ ಕಡೆ ತಿರುಗಿದ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದವು. ಅವನು ಉಳಿಯುತ್ತಾನೋ ಇಲ್ಲವೋ ಎಂಬುದು ಅವಕ್ಕೆ ಮೊದಲೇ ಗೊತ್ತಿರಲಿಲ್ಲ.

"ಇದನ್ನ ಮೊದಲೇ ಹೇಳಬಹುದಿತ್ತಲ್ಲ" ಎಂದಳು ತುಂಬೆ. ದನಿ ಎತ್ತರಿಸಲಿಲ್ಲ.

ಅಷ್ಟರಲ್ಲಿ ಪೊದೆಯ ಕಡೆ ಜೀರುಂಡೆಗಳು ಸುಮ್ಮನಾದವು. ಕೆಂಚಜ್ಜಿ ನೆಲ ಬಡಿದಳು.

ಕಣ್ಣು ಮಿಟುಕಿಸುವುದರೊಳಗೆ ಬಯಲು ಬರಿದಾಯಿತು. ಯಾರೂ ಯಾಕೆಂದು ಕೇಳಲಿಲ್ಲ, ಯಾರೂ ಹಿಂತಿರುಗಿ ನೋಡಲಿಲ್ಲ. ತುಂಬೆ ಮಾತ್ರ ಓಡುತ್ತ ಓಡುತ್ತ ಒಂದು ಸಲ ತಿರುಗಿ, ಮುಂದಿನ ಸಾಲಿನ ಆ ಖಾಲಿ ಜಾಗವನ್ನು ನೋಡಿ, ಮತ್ತೆ ಓಡಿದಳು. ಕತೆ ಅರ್ಧಕ್ಕೇ ನಿಂತುಹೋಯಿತು. ಕೇಳಲು ಬಂದವರೆಲ್ಲ ಅಂದು ಜೀವಂತವಾಗಿ ಮನೆ ಸೇರಿದರು.

ನೀತಿ: ಎಂದೂ ಸೋಲದ ನಾಯಕನ ಕತೆಯಲ್ಲಿ ನಾಯಕನೂ ಕಲಿಯುವುದಿಲ್ಲ, ಕೇಳುವವರೂ ಕಲಿಯುವುದಿಲ್ಲ; ಕಲಿಯುವವನು ಶತ್ರು ಮಾತ್ರ.